ಕಾರ್ಡು ಕೆಟ್ಟ ಕಾರಣ

ಎರಡು ಸ್ಕ್ರೂ ಬಿಚ್ಚುವುದು, ಒಂದು ಕಾರ್ಡು ಎಳೆಯುವುದು, ಇನ್ನೊಂದನ್ನು ತಳ್ಳುವುದು, ಮತ್ತೆ ಅವೇ ಎರಡು ಸ್ಕ್ರೂ ತಿರುವುವುದು. ಹೆಚ್ಚೆಂದರೆ ಇಪ್ಪತ್ತು ನಿಮಿಷದ ಕೆಲಸ. ಇದನ್ನೇ ಮನಸ್ಸಿನಲ್ಲಿ ಜಪದ ಹಾಗೆ ತಿರುವುತ್ತ ಫಕೀರೇಶ ದುರ್ಗದಬೈಲಿನ ಬಳೆಯಂಗಡಿಯೊಂದರ ಮುಂದೆ ಆಗಲೇ ಅರ್ಧ ತಾಸು ನಿಂತುಬಿಟ್ಟಿದ್ದ. ಕಂಕುಳಲ್ಲಿ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬೆಳ್ಳಿ ಬಣ್ಣದ ಚೀಲ, ಚೀಲದೊಳಗೆ ಅಂಗೈಯಗಲದ ಹೊಸ ಕಾರ್ಡು. ಎದುರಿಗೆ ಹಸಿರು, ಕೆಂಪು, ಗಿಣಿ ಬಣ್ಣದ ಬಳೆಗಳ ಸಾಲು ಮಧ್ಯಾಹ್ನದ ಬಿಸಿಲಿಗೆ ಮಿಣುಕುತ್ತಿತ್ತು. ಒಂದು ಬಳೆ ಆರಿ ಇನ್ನೊಂದು ಹೊತ್ತಿಕೊಳ್ಳುತ್ತಿದೆಯೆಂದು ಅವನಿಗೆ ಅನ್ನಿಸಿತು. ಯಾವುದೋ ದೂರದೂರಿನ ಸುದ್ದಿ ಈ ಗಾಜಿನ ಮೂಲಕ ಹಾಯ್ದು ಹೋಗುತ್ತಿದೆ, ಹಸಿರಿದ್ದರೆ ಕ್ಷೇಮ, ಕೆಂಪಿದ್ದರೆ ಏನೋ ಆಗಿದೆ. ಅಂಗಡಿಯ ರೆಹಮತ್‌ಬಿ ಬಹಳ ಹೊತ್ತು ತಡೆದುಕೊಂಡವಳು ಕೊನೆಗೆ ಕೇಳಿಯೇಬಿಟ್ಟಳು: “ಅಳತಿ ತಂದೀರೇನ್ರಿ? ಕೈಯರ ಕರಕೊಂಡ ಬರ್ರಿ, ಇಲ್ಲಾ ಹಳೀ ಬಳಿಯರ ತರ್ರಿ. ಹಿಂಗ ಬರೇ ನೋಡಿದ್ರ ಬಳಿ ಸಣ್ಣಾಗೂದಿಲ್ಲ, ದೊಡ್ಡಾಗೂದಿಲ್ಲ.” ಅವನು ನಕ್ಕು ಆಚೆ ಸರಿದ. ಸರಿಯುವಾಗಲೇ ಅವಳ ದನಿ ಅವನ ಗಂಟಲಲ್ಲಿ ಕೂತಿತ್ತು. ಮೂಗಿನ ಬುಡದಲ್ಲಿ ಸ್ವಲ್ಪ ಗಾಳಿ ಹಿಡಿಯಬೇಕು, ‘ಬಳಿ’ ಎನ್ನುವಾಗ ನಾಲಿಗೆಯನ್ನು ಅರ್ಧಕ್ಕೇ ಮಡಚಬೇಕು. ಬೇಡವೆಂದರೂ ಹೀಗೇ. ಯಾರೇ ಎರಡು ಮಾತಾಡಲಿ, ಅವರ ದನಿ ಬಾಡಿಗೆಯಿಲ್ಲದೆ ಇವನ ಗಂಟಲಿಗೆ ಬಂದು ಬಿಡಾರ ಹೂಡುತ್ತಿತ್ತು.

ಅರ್ಧ ತಾಸು ನಿಂತದ್ದು ಬಳೆಗಾಗಿ ಅಲ್ಲವೆಂಬುದು ಅವನಿಗೆ ಗೊತ್ತಿತ್ತು. ಎದುರಿನ ಸಹಕಾರಿ ಬ್ಯಾಂಕಿನ ಮೆಟ್ಟಿಲ ಬುಡದಲ್ಲಿ ಬೀರವ್ವ ಕೂತಿದ್ದಳು. ಹತ್ತೊಂಬತ್ತು ವರ್ಷ ಆ ಬ್ಯಾಂಕಿನ ಕಸ ಹೊಡೆದವಳು, ನೀರು ತುಂಬಿದವಳು, ಚಹಾ ತಂದುಕೊಟ್ಟವಳು. ಕಳೆದ ಹದಿಮೂರು ದಿನದಿಂದ ಮೆಟ್ಟಿಲು ಹತ್ತುವ ಅಪ್ಪಣೆ ಇಲ್ಲದವಳು. ಅವಳು ಒಮ್ಮೆ ಆ ಕಡೆ ಮುಖ ತಿರುಗಿಸಿದರೆ ಸಾಕು, ಗೋಡೆಗುಂಟ ಸರಿದು ಮೇಲೆ ಹೋಗಿಬಿಡಬಹುದು. ಅವಳು ತಿರುಗಿಸಲಿಲ್ಲ. ರಸ್ತೆಯ ಮೇಲೆ ಎಮ್ಮೆ ಹೋದರೆ ಎಮ್ಮೆಯನ್ನು, ಸೈಕಲ್ಲು ಹೋದರೆ ಸೈಕಲ್ಲನ್ನು ಒಂದೇ ಸಮಾಧಾನದಿಂದ ನೋಡುತ್ತಿದ್ದ ಅವಳ ಕಣ್ಣು ಬಂದು ಇವನ ಮೇಲೂ ಕೂತಿತು. ಕೂತದ್ದೇ ಅವಳು ಎದ್ದು ನಿಂತಳು, ಸೆರಗನ್ನು ಒಟ್ಟುಮಾಡಿಕೊಂಡು ದಾರಿ ಬಿಟ್ಟಳು. ಅವಳ ಹಣೆ ಖಾಲಿ ಇತ್ತು. ಬೀರದೇವರ ಭಂಡಾರ, ಆ ಅರಿಷಿಣದ ಪುಡಿ, ಯಾವತ್ತೂ ಹುಬ್ಬಿನವರೆಗೆ ಬಳಿದುಕೊಂಡಿರುತ್ತಿದ್ದ ಹಣೆ. ಈಗ ಬೋರ್ಡು ಕಿತ್ತ ಅಂಗಡಿಯ ಗೋಡೆಯ ಹಾಗೆ ಆ ಜಾಗ ಮಾತ್ರ ಬೇರೆ ಬಣ್ಣಕ್ಕೆ ತಿರುಗಿ ಕಾಣುತ್ತಿತ್ತು.

“ಬರ್ರಿ ಸಾಹೇಬ್ರ. ಹೊಸಾದು ಬಂತ್ರೀ?”

“ಹೂಂ, ಬಂತು.”

“ನಾ ಮ್ಯಾಲ ಬರೂದಿಲ್ರಿ. ಇಲ್ಲೇ ಕುಂದರ್ತೇನಿ. ಅದು ಚಾಲೂ ಆತಂದ್ರ ಒಂದ ಮಾತ ಹೇಳಿ ಹೋಗ್ರಿ, ಅಷ್ಟ. ಜೀವಕ್ಕ ಸಮಾಧಾನ ಇಲ್ರಿ ನನಗ. ಭಂಡಾರದ ಚೀಲ ಗೂಟಕ್ಕ ಹಾಕಿದ್ದು ಹಂಗ ಐತಿ, ಮುಟ್ಟಿಲ್ಲ. ಅಷ್ಟ ದಿನದ ದೇವ್ರು, ಯಾರಿಗೂ ಕೇಡು ಮಾಡಿದ್ದಿಲ್ರಿ. ನನ್ನ ಕೈಯಾಗಿಂದ ಹಿಂಗ್ಯಾಕಾತು ಅಂತೇನಿ.”

ಅವನು ಮೆಟ್ಟಿಲು ಹತ್ತಿದ. ಎಣಿಸುತ್ತ ಹತ್ತಿದರೆ ಅವಳ ಮಾತು ಕೇಳಿಸಲಿಕ್ಕಿಲ್ಲವೆಂದು ಎಣಿಸಿದ. ಎಣಿಕೆಯೇ ಅವಳ ದನಿಯಲ್ಲಿ ಬರತೊಡಗಿದಾಗ ಬಿಟ್ಟುಬಿಟ್ಟ.

ಮ್ಯಾನೇಜರು ಗುರುಶಿದ್ದಪ್ಪನವರು ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ, ಹಣೆಯ ವಿಭೂತಿ ಬೆವರಿಗೆ ಕರಗದ ಹಾಗೆ ಫ್ಯಾನಿಗೆ ಮುಖ ಕೊಟ್ಟು ಕೂತಿದ್ದರು. ಶಾಖೆಗಳನ್ನು ಜೋಡಿಸುವ ಯಂತ್ರದ ರೌಟರು ಎಂಬ ಹೆಸರು ಅವರ ಬಾಯಲ್ಲಿ ಬಂದ ದಿನವೇ ರಾವುತ ಆಗಿತ್ತು. ಬ್ಯಾಂಕಿನವರೆಲ್ಲ ಅದನ್ನು ಒಬ್ಬ ಗೌರವಸ್ಥ ಗಿರಾಕಿಯ ಹಾಗೆ ರಾವುತರು ಎಂದೇ ಕರೆಯುತ್ತಿದ್ದರು. “ಬಂದ್ರೇನ್ರಿ ಫಕೀರೇಶ? ಹದಿಮೂರ ದಿನಾ ಆತು, ರಾವುತರು ಮಲಗಿದಾವ್ರು ಮಗ್ಗಲ ಬದಲಿಸಿಲ್ಲ. ತಾರಿಹಾಳದಾವ್ರು ಫೋನ್ ಮಾಡಿ ಮಾಡಿ ನನ್ನ ಕಿವಿ ಕಾದು ಕೆಂಡ ಆಗೇತಿ. ಇವತ್ತರ ಎದ್ದ ಕುಂದರ್ತಾರೇನು?” ಆಮೇಲೆ ದನಿ ತಗ್ಗಿಸಿದರು. “ಮತ್ತ ಆ ಫಾರ್ಮು ತಂದೀರಲ್ಲ? ಕಾರ್ಡು ಕೆಟ್ಟ ಕಾರಣ ಅಂತ ಒಂದು ಜಾಗಾ ಇರ್ತೈತಿ ನೋಡ್ರಿ, ಅದನ್ನ ತುಂಬಿ, ಸೈನ್ ಮಾಡಿ, ನನಗೊಂದು ಝೆರಾಕ್ಸ್ ಕೊಡ್ರಿ. ನಾಳೆ ಕಮಿಟಿ ಮೀಟಿಂಗ್ ಐತಿ. ಬೀರವ್ವನ ಹೆಸರ ತಗೀಬೇಕಂದ್ರ ಕೈಯಾಗ ಕಾಗದ ಬೇಕಲ್ರಿ. ಬಾಯಿ ಮಾತಿಗೆ ಹತ್ತೊಂಬತ್ತ ವರ್ಷದ ಹೆಣ್ಮಗಳ್ನ ತಗದ್ರಂತ ನಾಳೆ ಮಂದಿ ಅನಬಾರದು.” ಅವರು ಕೆಟ್ಟವರಲ್ಲ. ಹೇಳುವಾಗ ಅವರ ಮುಖದಲ್ಲಿ ಹಲ್ಲು ಕೀಳಿಸಿಕೊಳ್ಳಲು ಬಂದವರ ಸಂಕಟ ಇತ್ತು.

ಹಿಂದಿನ ರಾತ್ರಿ, ಫಕೀರೇಶ ಕೆಲಸಕ್ಕಿದ್ದ ರಿಪೇರಿ ಏಜೆನ್ಸಿಯ ಮಾಲೀಕ ವಿಶಾಲ ಇದೇ ಕಾಗದದ ಬಗ್ಗೆ ಮೊಬೈಲಿನಲ್ಲಿ ಹದಿನೆಂಟು ನಿಮಿಷ ಮಾತಾಡಿದ್ದ. ಒಳಬರುವ ಕರೆ ಹೊಸದಾಗಿ ಪುಕ್ಕಟೆಯಾದ ವರ್ಷ ಅದು, ಬೈಸಿಕೊಳ್ಳುವುದಕ್ಕೂ ಖರ್ಚಿಲ್ಲದಂತಾಗಿತ್ತು. “ಗಿರಾಕಿ ತಪ್ಪಂತ ಬರದ್ಯೋ, ಎಲ್ಲಾ ಛಲೋ. ನಮ್ಮ ತಪ್ಪಂತ ಒಂದಕ್ಷರ ಬರದ್ಯೋ, ಕಂಪನಿಯಾವ್ರು ನನ್ನ ಒಗೀತಾರ, ನಾ ನಿನ್ನ ಒಗೀತೇನಿ. ತಿಳೀತಿಲ್ಲೋ?” ತಿಳಿಯಿತು ಎಂದು ಫಕೀರೇಶ ವಿಶಾಲನ ದನಿಯಲ್ಲೇ ಹೇಳಿದ್ದ, ವಿಶಾಲನಿಗೆ ಅದು ಬಹಳ ಸಂತೋಷ ಕೊಟ್ಟಿತ್ತು.

ಸರ್ವರ್ ರೂಮು ಎಂಬುದು ಹಿಂದೆ ಹಳೆಯ ಕಾಗದಗಳ ಕೋಣೆ. ಬಾಗಿಲಿನ ಮೇಲೆ ‘ಪ್ರವೇಶವಿಲ್ಲ’ ಎಂದು ಬರೆದಿತ್ತು. ಸರ್ವರಿಗೂ ಇಲ್ಲದ ಸರ್ವರ್ ರೂಮು ಎಂದು ಅವನು ಮೊದಲ ಸಲ ಬಂದಾಗ ಹೇಳಿ, ಕ್ಯಾಶ್ ಕೌಂಟರಿನ ದಾಕ್ಷಾಯಿಣಿಯಿಂದ ಒಂದು ನಗೆ ಗಳಿಸಿದ್ದ. ಆ ನಗೆ ಗಂಟೆಯ ಹಾಗೆ ಶುರುವಾಗಿ ಕೆಮ್ಮಿನಲ್ಲಿ ಮುಗಿಯುತ್ತಿತ್ತು; ಅದನ್ನು ಮತ್ತೆ ಕೇಳಬೇಕೆಂದೇ ಅವನು ಆ ಬ್ಯಾಂಕಿಗೆ ಬರುವಾಗ ದಾರಿಯಲ್ಲಿ ಒಂದೆರಡು ಮಾತು ಹೊಸೆದುಕೊಂಡು ಬರುತ್ತಿದ್ದ. ಒಳಗೆ ಎಸಿಯ ತಂಪು, ಕಿಟಕಿಗೆ ಅಂಟಿಸಿದ ಕಪ್ಪು ಕಾಗದ, ಆಳೆತ್ತರದ ಕಬ್ಬಿಣದ ರ‍್ಯಾಕು. ರ‍್ಯಾಕಿನ ನಡುವಿನಲ್ಲಿ, ಎದೆಯ ಎತ್ತರಕ್ಕೆ, ರಾವುತರು. ಮುಖ್ಯ ಕಚೇರಿಯ ಮಾತನ್ನು ತಾರಿಹಾಳ, ಉಪ್ಪಿನಬೆಟಗೇರಿ ಶಾಖೆಗಳಿಗೆ ದಾಟಿಸಿ, ಅಲ್ಲಿಯ ಮಾತನ್ನು ಇಲ್ಲಿಗೆ ತರುವ ಪೆಟ್ಟಿಗೆ. ಇಡೀ ದಿನ ಎಲ್ಲರ ಮಾತೂ ಅದರ ಹೊಟ್ಟೆಯಲ್ಲಿ ಹಾಯುತ್ತಿತ್ತು, ಅದರದ್ದೆಂಬ ಒಂದು ಮಾತೂ ಇರಲಿಲ್ಲ. ಅದರ ಫ್ಯಾನಿನ ಗುಂಯ್‌ಗುಡುವಿಕೆಯನ್ನು ಫಕೀರೇಶ ಬಾಯಿ ಮುಚ್ಚಿಕೊಂಡು ಅನುಕರಿಸಬಲ್ಲ. ಒಮ್ಮೆ ಹಾಗೆ ಮಾಡುತ್ತ ಕೂತಾಗ ಎರಡರಲ್ಲಿ ಯಾವುದು ನಿಂತಿತು, ಯಾವುದು ಇನ್ನೂ ಗುಂಯ್‌ಗುಡುತ್ತಿದೆ ಎಂದು ತಿಳಿಯದೆ ಹೆದರಿದ್ದ.

ಚೀಲದಿಂದ ಕೈಪಟ್ಟಿ ತೆಗೆದು ಎಡ ಮಣಿಕಟ್ಟಿಗೆ ಕಟ್ಟಿಕೊಂಡ. ಅದರ ಸುರುಳಿ ವಾಯರಿನ ತುದಿಯನ್ನು ರ‍್ಯಾಕಿನ ಬರಿಮೈ ಲೋಹಕ್ಕೆ ಚುಚ್ಚಿದ. ಮೈಯೊಳಗಿನ ಕಾಣದ ವಿದ್ಯುತ್ತು ಹೀಗೆ ನೆಲಕ್ಕೆ ಹರಿದುಹೋಗದಿದ್ದರೆ, ಬರಿ ಬೆರಳಿನ ಸ್ಪರ್ಶಕ್ಕೆ ಕಾರ್ಡು ಸಾಯಬಹುದು. ಮನುಷ್ಯನ ಮೈಯಲ್ಲಿ ಇಷ್ಟೊಂದು ಇರುತ್ತದೆಂದು ತರಬೇತಿಯಲ್ಲಿ ಹೇಳಿದಾಗ ಅವನು ನಂಬಿರಲಿಲ್ಲ. ಧಾರವಾಡದ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದಾಗ ಸಭೆಯ ಕಡೆಯಿಂದ ಒಂದು ಅಲೆ ಎದ್ದು ಬಂದು ಅವನ ಮೈಯ ಕೂದಲೆಲ್ಲ ನಿಂತದ್ದು ನೆನಪಾಯಿತು. ಪ್ರಿನ್ಸಿಪಾಲರೂ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದರು. ಮರುದಿನ ವರಾಂಡದಲ್ಲಿ ಎದುರಾದಾಗ ಅವರು ಮಾತೇ ಆಡಲಿಲ್ಲ, ತಲೆಯಾಡಿಸಿದರು ಅಷ್ಟೆ. ಆಮೇಲೆ ವರ್ಷವಿಡೀ ತಲೆಯಾಡಿಸಿಯೇ ಕೆಲಸ ಸಾಗಿಸಿದರು. ಅವರ ದನಿಯನ್ನು ತಾನು ಕಿತ್ತುಕೊಂಡು ವಾಪಸು ಕೊಡುವುದು ಮರೆತೆನೇನೋ ಎಂದು ಅವನಿಗೆ ಈಗ, ಈ ತಂಪು ಕೋಣೆಯಲ್ಲಿ, ಮೊದಲ ಸಲ ಹೊಳೆಯಿತು.

ಮೊದಲು ಕರೆಂಟು ತೆಗೆಯಬೇಕು. ಅವನು ಹಿಂದೆ ಕೈ ಹಾಕಿ ಸ್ವಿಚ್ಚು ಒತ್ತಿದ. ಫ್ಯಾನು ಒಂದು ನಿಟ್ಟುಸಿರು ಬಿಟ್ಟು, ನಿಧಾನವಾಗಿ, ಜೋಕಾಲಿ ನಿಲ್ಲುವ ಹಾಗೆ ನಿಂತಿತು. ಇಷ್ಟೇ. ಒಂದು ಬೆರಳಿನ ಕೆಲಸ. ಹದಿಮೂರು ದಿನದ ಹಿಂದೆ ಇದೊಂದನ್ನು ಅವನು ಮಾಡಿರಲಿಲ್ಲ.

ದಸರೆಯ ಬನ್ನಿ ಮುಡಿದ ಮರುದಿನ ಅದು. ತಾರಿಹಾಳದ ಸಂಪರ್ಕ ಹೋಗಿ ಹೋಗಿ ಬರುತ್ತಿದೆ ಎಂದು ಕರೆ ಬಂದಿತ್ತು. ಕಾರ್ಡನ್ನು ಒಮ್ಮೆ ಎಳೆದು ಮತ್ತೆ ಕೂಡಿಸಿದರೆ ಸರಿಹೋದೀತೆಂದು ಅವನಿಗೆ ಅನ್ನಿಸಿತು. ಬಂದ್ ಮಾಡಲೇ ಎಂದು ಕೇಳಿದಾಗ ಗುರುಶಿದ್ದಪ್ಪನವರು, “ಛೇ ಛೇ, ಬಂದ್ ಮಾಡಬ್ಯಾಡ್ರಿ, ಕೌಂಟರಿನ್ಯಾಗ ಮಂದಿ ನಿಂತಾರ, ಹಂಗ ಮಾಡ್ರಿ” ಎಂದಿದ್ದರು. ಈ ಜಾತಿಯ ಕಾರ್ಡನ್ನು ಕರೆಂಟು ಇರುವಾಗ ಎಳೆಯಬಾರದೆಂದು ಪುಸ್ತಕದಲ್ಲಿ ಕೆಂಪು ಅಕ್ಷರದಲ್ಲಿತ್ತು. ಅವನಿಗೆ ಅದು ಬಾಯಿಪಾಠ. ‘ಆಗೂದಿಲ್ರಿ’ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಊರಿನ ಅರ್ಧ ಜನರ ದನಿ ಅವನ ಗಂಟಲಲ್ಲಿತ್ತು, ಆಗೂದಿಲ್ರಿ ಎನ್ನುವ ಒಂದು ದನಿ ಇರಲಿಲ್ಲ. ಎಳೆದ. ಚಿಟ್ ಎಂಬ ಸದ್ದು, ಉಗುರು ಸುಟ್ಟಂಥ ವಾಸನೆ, ಹಸಿರು ದೀಪ ಆರಿತು. ಬಾಗಿಲಲ್ಲಿ ಗುರುಶಿದ್ದಪ್ಪ, ಅವರ ಬೆನ್ನಿಗೆ ದಾಕ್ಷಾಯಿಣಿ, ಅವಳ ಹಿಂದೆ ಚಹಾದ ತಟ್ಟೆ ಹಿಡಿದ ಬೀರವ್ವ. “ಏನಾತ್ರಿ?” ಎಂದು ಮೂರು ದನಿ.

ಆಗ ಅವನ ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಯ ತಲೆಯ ಮೇಲಿನ ಹಳದಿ ಚಿಟಿಕೆ. ಅದು ಅಲ್ಲಿಗೆ ಹೇಗೆ ಬಂತೆಂದು ಲೋಕದಲ್ಲಿ ಗೊತ್ತಿದ್ದವನು ಅವನೊಬ್ಬನೇ. ಮಹಾನವಮಿಯ ದಿನ ಬ್ಯಾಂಕಿನವರು ಪೂಜೆಗೆ ಕರೆದಿದ್ದರು. ಗುರುಶಿದ್ದಪ್ಪನವರೇ ಒಂದೊಂದು ಯಂತ್ರಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಹೂ ಏರಿಸಿ, ಎಲ್ಲರನ್ನೂ ಪ್ರಸಾದಕ್ಕೆ ಕರೆದೊಯ್ದಿದ್ದರು. ಮರೆತ ಚೀಲ ತೆಗೆದುಕೊಳ್ಳಲು ಹಿಂತಿರುಗಿದ ಫಕೀರೇಶ ಅರೆ ತೆರೆದ ಬಾಗಿಲಿನಲ್ಲಿ ಕಂಡದ್ದು, ಬೀರವ್ವ ರಾವುತರ ಮುಂದೆ ನಿಂತು ಸಣ್ಣ ಮಗುವಿನ ಜೊತೆ ಮಾತಾಡುವ ಹಾಗೆ ಮಾತಾಡುತ್ತ, ಸೊಂಟದ ಚೀಲದಿಂದ ಚಿಟಿಕೆ ಭಂಡಾರ ತೆಗೆದು ಹಚ್ಚುತ್ತಿದ್ದದ್ದು. ಅವನು ಉಸಿರು ಬಿಗಿಹಿಡಿದು ಹಿಂದೆ ಸರಿದಿದ್ದ. ಆ ಹೊತ್ತಿಗೆ ಅವನಿಗೆ ಏನೋ ಸಿಕ್ಕ ಹಾಗಾಗಿತ್ತು, ಯಾರಿಗೂ ಹೇಳಬಾರದೆನ್ನುವಂಥದ್ದು.

ಮೂರನೆಯ ದಿನಕ್ಕೇ ಹೇಳಿದ. ಹೇಳಲಿಲ್ಲ, ಬಾಗಿಲಲ್ಲಿ ನಿಂತ ಮೂವರಿಗೂ ಆಡಿ ತೋರಿಸಿದ. ಬೀರವ್ವನ ದನಿಗೆ ಗಂಟಲಿನ ಎಡಮೂಲೆ ಬೇಕು, ಅಲ್ಲಿ ಒಂದು ತುಣುಕು ಅಡಿಕೆ ಇದೆಯೆಂದು ಭಾವಿಸಿಕೊಳ್ಳಬೇಕು, ಪ್ರತಿ ಮಾತಿನ ಕೊನೆಗೂ ಉಸಿರನ್ನು ಒಳಗೆಳೆದುಕೊಳ್ಳಬೇಕು. “ಯಪ್ಪಾ ರಾವುತಾ, ಎಲ್ಲಾರೂ ಉಣ್ಣಾಕ ಹ್ವಾದ್ರು, ನೀ ಒಬ್ಬಾಂವ ಕತ್ತಲ್ಯಾಗ ಕುಂತಿ. ತಗೋ, ಹಣಿಗೆ ಹಚ್ಚಿಗೋ. ಅಯ್ಯ ಶಿವನ, ಇಷ್ಟೊಂದ ಕಣ್ಣು ಕೊಟ್ಟಾನ, ಹಣೀನ ಕೊಟ್ಟಿಲ್ಲಲ್ಲೋ ನಿನಗ!” ದಾಕ್ಷಾಯಿಣಿಯ ಗಂಟೆ ಬಾರಿಸಿತು, ಕೆಮ್ಮಿನವರೆಗೂ ಹೋಯಿತು. “ಇನ್ನೊಮ್ಮೆ ಮಾಡ್ರಿ, ಇನ್ನೊಮ್ಮೆ” ಎಂದಳು. ಗುರುಶಿದ್ದಪ್ಪನವರ ಹೊಟ್ಟೆ ಕುಲುಕಿತು. ತಟ್ಟೆ ಹಿಡಿದಿದ್ದ ಬೀರವ್ವನೂ ನಕ್ಕಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಾಚಿಕೊಂಡು, ತನ್ನನ್ನು ಇಷ್ಟು ಮಂದಿ ಒಟ್ಟಿಗೆ ನೋಡುತ್ತಿದ್ದಾರೆಂದು ಸ್ವಲ್ಪ ಹಿಗ್ಗಿ. ನಗು ಇಳಿದ ಮೇಲೆ ಗುರುಶಿದ್ದಪ್ಪನವರು ಹಳದಿ ಚಿಟಿಕೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, “ಹಂಗಾರ ಈ ಪುಡಿ ಒಳಗ ಹೋಗಿ ಸುಟ್ಟೈತೇನ್ರಿ?” ಎಂದು ಕೇಳಿದರು. ಅವನ ಗಂಟಲಲ್ಲಿ ಇನ್ನೂ ಬೀರವ್ವನ ದನಿಯೇ ಇತ್ತು. ಅದೇ ದನಿಯಲ್ಲಿ, ಉಸಿರು ಒಳಗೆಳೆದುಕೊಂಡು, “ಇರಬಹುದ್ರಿ” ಎಂದ. ಎಲ್ಲರೂ ಇನ್ನೊಮ್ಮೆ ನಕ್ಕರು. ತೀರ್ಪು ಬರೆಯಲು ಅಷ್ಟು ಸಾಕಾಯಿತು.

ಈಗ ಅವನು ಸಣ್ಣ ಬ್ರಷ್ಷಿನಿಂದ ಪೆಟ್ಟಿಗೆಯ ತಲೆಯನ್ನು ಗುಡಿಸಿ ಒಂದು ಕಾಗದದ ಮೇಲೆ ಕೆಡವಿದ. ಹಳದಿ ಒಂದು ಚಿಟಿಕೆಯೂ ಇರಲಿಲ್ಲ. ಬಿಳಿಯದು ಒಂದು ಚಮಚದಷ್ಟು ಬಿತ್ತು: ಗುರುಶಿದ್ದಪ್ಪನವರ ವಿಭೂತಿ, ಕಳೆದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಪದರು ಪದರಾಗಿ. ಅಂದು ಅದೂ ಅಲ್ಲೇ ಇತ್ತು. ಬಿಳಿ ಪುಡಿ ಯಾರ ಕಣ್ಣಿಗೂ ಪುಡಿಯಾಗಿ ಕಂಡಿರಲಿಲ್ಲ, ಅವನ ಕಣ್ಣಿಗೂ. ಎರಡು ಸ್ಕ್ರೂ ಬಿಚ್ಚಿ, ಸುಟ್ಟ ಕಾರ್ಡನ್ನು ಹಿಡಿಕೆ ಹಿಡಿದು ಎಳೆದ. ಅಂಚಿನಲ್ಲಿ ಹಿಡಿದು ಟಾರ್ಚಿನ ಬೆಳಕಿಗೆ ತಿರುವಿದ. ಹಸಿರು ಹಲಗೆಯ ಮೇಲೆ ಬೆಳ್ಳಿಯ ಸಣ್ಣ ಓಣಿಗಳು, ಚೌಕಗಳು, ಚೌಕದ ಮಧ್ಯ ಕರಿಯ ಮನೆಗಳು. ಮೇಲಿನಿಂದ ಹುಬ್ಬಳ್ಳಿಯನ್ನು ನೋಡಿದರೆ ಹೀಗೇ ಕಂಡೀತು. ಯಾವುದೋ ಒಂದು ಓಣಿಯಲ್ಲಿ ತಾನು ನಡೆಯುತ್ತಿರಬೇಕು ಎಂದುಕೊಂಡು ಅವನು ಬಹಳ ಹೊತ್ತು ಹುಡುಕಿದ. ಬಳೆಯಂಗಡಿ ದಾಟಿದ, ಮೆಟ್ಟಿಲ ಬುಡದಲ್ಲಿ ಕೂತ ಒಂದು ಚುಕ್ಕೆಯನ್ನು ದಾಟಿದ, ಓಣಿಯ ಕೊನೆಗೆ ಬಂದು ನಿಂತ. ಅಲ್ಲಿ ಮೂರು ಪಿನ್ನುಗಳ ಬುಡ ಕಪ್ಪಾಗಿತ್ತು. ಎಳೆಯುವಾಗ ಕಿಡಿ ಹಾರಿದ ಜಾಗ. ಅದರ ಸುತ್ತ ಒಂದು ಕಣ ಹಳದಿ ಇಲ್ಲ, ಒಂದು ಕಣ ಬಿಳಿ ಇಲ್ಲ. ತೊಳೆದಿಟ್ಟ ಅಂಗಳದ ಹಾಗೆ ಸ್ವಚ್ಛವಾಗಿತ್ತು.

ಇದು ಅವನಿಗೆ ಗೊತ್ತೇ ಇತ್ತು. ಆದರೂ ಹದಿಮೂರು ದಿನ ಒಳಗೊಳಗೆ, ಸ್ವಲ್ಪ ಪುಡಿ ಒಳಗೆ ಹೋಗಿರಲಿ, ಒಂದು ಕಣವಾದರೂ ಇರಲಿ ಎಂದು ಯಾರನ್ನೋ ಬೇಡಿಕೊಳ್ಳುತ್ತಿದ್ದ. ಯಾರನ್ನು ಎಂದು ಯೋಚಿಸಿದರೆ ಬೀರದೇವರ ಗುಡಿಯೇ ಕಣ್ಣ ಮುಂದೆ ಬರುತ್ತಿತ್ತು. ಆ ದೇವರ ಮೇಲೇ ತಪ್ಪು ಹೊರಿಸಲು ಆ ದೇವರನ್ನೇ ಬೇಡಿಕೊಂಡವನು ತಾನೊಬ್ಬನೇ ಇರಬೇಕು ಎಂದು ನಗು ಬಂತು. ನಕ್ಕ ದನಿ ಕೋಣೆಯಲ್ಲಿ ಪರಿಚಯವಿಲ್ಲದ ಹಾಗೆ ಕೇಳಿಸಿತು.

ಹೊಸ ಕಾರ್ಡನ್ನು ಬೆಳ್ಳಿ ಚೀಲದಿಂದ ತೆಗೆದ. ಇಕ್ಕೆಲದ ಹಳಿಗೆ ಹೊಂದಿಸಿ ಮೆಲ್ಲಗೆ ತಳ್ಳಿದ. ಕೊನೆಯ ಅರ್ಧ ಬೆರಳು ಉಳಿದಾಗ ಅದು ತಡೆಯಿತು. ಅಲ್ಲಿ ಒತ್ತಾಯ ಮಾಡಬಾರದು, ಆದರೆ ಒತ್ತಬೇಕು. ಹೆಬ್ಬೆರಳಿನಿಂದ ಒತ್ತಿದ. ಕುಪ್ಪಸದ ಗುಂಡಿ ಕೂತಂಥ ಸದ್ದು. ಸ್ಕ್ರೂ ತಿರುವಿದ, ಕೇಬಲ್ಲು ಸಿಗಿಸಿದ, ಸ್ವಿಚ್ಚು ಒತ್ತಿದ. ಫ್ಯಾನು ಎದ್ದಿತು. ದೀಪಗಳು ಒಂದೊಂದಾಗಿ ಹತ್ತಿ, ಎಲ್ಲ ಒಮ್ಮೆ ಆರಿ, ಮತ್ತೆ ಹತ್ತಿದವು. ಕೊನೆಯದೊಂದು ಕಿತ್ತಳೆಯಲ್ಲೇ ಮಿಣುಕುತ್ತ ಉಳಿಯಿತು. ಹತ್ತಬಾರದು, ಇದು ಹಸಿರಾಗಬಾರದು, ಇನ್ನೊಂದು ವಾರ ಹೀಗೇ ಹೋಗಲಿ, ಫಾರ್ಮು ಬೇಡ, ಮೀಟಿಂಗು ಬೇಡ ಎಂದುಕೊಳ್ಳುವಷ್ಟರಲ್ಲಿ ಅದು ಹಸಿರಾಯಿತು. ಹೊರಗೆ ಫೋನು ಹೊಡೆದುಕೊಂಡಿತು. “ಬಂತಂತ! ತಾರಿಹಾಳದಾಗ ಬಂತಂತ್ರಿ!” ಎಂದು ದಾಕ್ಷಾಯಿಣಿ ಕೂಗಿದಳು. ಯಾರೋ ಚಪ್ಪಾಳೆ ಹೊಡೆದರು.

ಗುರುಶಿದ್ದಪ್ಪನವರು ತಮ್ಮ ಕುರ್ಚಿಯನ್ನೇ ಅವನಿಗೆ ಕೊಟ್ಟು, ಫಾರ್ಮನ್ನು ಮುಂದಿಟ್ಟು, ಪೆನ್ನಿನ ಟೊಪ್ಪಿಗೆ ತೆಗೆದುಕೊಟ್ಟರು. “ಬರ್ರಿ ಬರ್ರಿ, ಕುಂದರ್ರಿ. ರಾವುತರು ಎದ್ರು ಅಂದ್ರ ಅರ್ಧಾ ದಸರಾ ಇವತ್ತ ಮತ್ತ ಬಂದಂಗ. ಹಾಂ, ಬರೀರಿ. ಹಳದಿ ಬಣ್ಣದ ಪುಡಿ ಒಳಗ ಹೋದ ಕಾರಣ…”

ಪೆನ್ನು ಕಾಗದದ ಮೇಲೆ ನಿಂತಿತು. ಕಾರಣ ಎಂಬ ಜಾಗ ಬಹಳ ಸಣ್ಣದಿತ್ತು, ಒಂದೂವರೆ ಸಾಲು. ಅವನು ಪೆನ್ನು ಎತ್ತಿದ. “ಪುಡಿ ಅಲ್ರಿ ಸಾಹೇಬ್ರ,” ಎಂದ, “ಕರೆಂಟ್ ಇದ್ದಾಗ ನಾನ ಎಳದೆ. ನನ್ನ ಕೈಯಾಗ ಸುಟ್ಟೈತಿ.”

ದಾಕ್ಷಾಯಿಣಿ ಕಿಲ್ಲನೆ ನಕ್ಕಳು. “ಅಯ್ಯ, ಯಾರ ದನೀರಿ ಇದು? ತಡೀರಿ, ಹೇಳಬ್ಯಾಡ್ರಿ… ವಿಶಾಲ ಸರ್ ಅಲ್ಲ… ಆ ಬೆಟಗೇರಿ ಬ್ರ್ಯಾಂಚಿನಾವ್ರು! ಹೌದಲ್ರಿ?” ಗುರುಶಿದ್ದಪ್ಪನವರೂ ನಗಲು ಸಿದ್ಧರಾಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. “ಅಳೋ ದನಿ ಭಾಳ ಛಲೋ ತಗೀತೀರಿ ಬಿಡ್ರಿ. ಇನ್ನೊಂದೆರಡ ಮಾತು ಬಿಡ್ರಿ ನೋಡೋಣ.”

“ಯಾರ ದನೀನೂ ಅಲ್ರಿ. ನಾನ.”

“ನಾನ ಅಂದ್ರ ಯಾರ್ರೀ?” ಎಂದು ಅವಳು ಇನ್ನೂ ನಗುತ್ತಲೇ ಕೇಳಿದಳು.

ಅವನು ಸುಟ್ಟ ಕಾರ್ಡನ್ನು ಮೇಜಿನ ಮೇಲಿಟ್ಟು ಕಪ್ಪಾದ ಪಿನ್ನುಗಳನ್ನು ಪೆನ್ನಿನ ತುದಿಯಿಂದ ತೋರಿಸಿದ. ಅದರ ಪಕ್ಕದಲ್ಲಿ, ಗುಡಿಸಿದ ಪುಡಿಯನ್ನು ಕಟ್ಟಿ ತಂದಿದ್ದ ಕಾಗದದ ಪೊಟ್ಟಣ ಬಿಚ್ಚಿದ. “ಇದು ನಿಮ್ಮದು, ಒಂದು ಚಮಚೆ ಐತ್ರಿ. ಇದು ಆಕೀದು, ಎರಡ ಸಾಸವಿಯಷ್ಟ. ಒಳಗ ಹೋಗಿಲ್ಲ, ನಿಮ್ಮದೂ ಹೋಗಿಲ್ಲ, ಆಕೀದೂ ಹೋಗಿಲ್ಲ. ಬಂದ್ ಮಾಡಿ ತಗೀಬೇಕಿತ್ತು. ನಾ ಬಂದ್ ಮಾಡಲಿಲ್ಲ.” ದಾಕ್ಷಾಯಿಣಿಯ ನಗು ಕೆಮ್ಮಿನವರೆಗೆ ಹೋಗದೆ ನಡುವೆಯೇ ನಿಂತಿತು. ಗುರುಶಿದ್ದಪ್ಪನವರು ಬಿಳಿ ಪುಡಿಯನ್ನೇ ನೋಡುತ್ತಿದ್ದರು. ಅವರ ಕೈ ತಾನಾಗಿ ಹಣೆಗೆ ಹೋಗಿ, ಮುಟ್ಟದೆ, ಕೆಳಗಿಳಿಯಿತು. ಅಂದು ‘ಬಂದ್ ಮಾಡಬ್ಯಾಡ್ರಿ’ ಎಂದವರು ಯಾರೆಂಬುದು ಅವರಿಗೆ ನೆನಪಾಗುತ್ತಿದೆ ಎಂದು ಫಕೀರೇಶನಿಗೆ ಅವರ ಕಿವಿ ಕೆಂಪಾದದ್ದರಿಂದಲೇ ತಿಳಿಯಿತು.

ಅವರು ಎದ್ದು ಹೋಗಿ ಫ್ಯಾನು ಜೋರು ಮಾಡಿ ಬಂದರು. ಹತ್ತಿರ ಬಾಗಿ, ಬಹಳ ಮೆತ್ತಗೆ ಹೇಳಿದರು. “ನೋಡ್ರಿ ಫಕೀರೇಶ, ಆದದ್ದು ಆಗಿ ಹೋತು. ನಿಮ್ಮ ಅನ್ನಕ್ಕ ಯಾಕ ಕಲ್ಲ ಹಾಕ್ಕೊತೀರಿ? ಆಕೀದೂ ಬ್ಯಾಡ, ನಿಮ್ಮದೂ ಬ್ಯಾಡ, ನನ್ನ ಹೆಸರಂತೂ ಬ್ಯಾಡ. ವೋಲ್ಟೇಜು ಅಂತ ಬರೀರಿ. ವೋಲ್ಟೇಜು ಹೆಚ್ಚು ಕಮ್ಮಿ ಆಗಿ ಸುಟ್ಟೈತಿ. ಯಾರೂ ಕೇಳೂದಿಲ್ಲ. ನಾಳೆ ಕಮಿಟ್ಯಾಗ ನಾ ಹೇಳ್ತೇನಿ, ಬೀರವ್ವಗ ಇನ್ನೊಂದು ಅವಕಾಶ ಕೊಡೋಣ ಅಂತ. ಕ್ಷಮಾ ಮಾಡಿದಂಗನೂ ಆಕ್ಕೈತಿ.”

ಎಷ್ಟು ಹಗುರವಾಗಿತ್ತು ಆ ಮಾತು. ವೋಲ್ಟೇಜು. ನಾಲ್ಕಕ್ಷರವೂ ಇಲ್ಲ, ಜಾಗದಲ್ಲಿ ಸರಿಯಾಗಿ ಕೂಡುತ್ತದೆ. ವಿಶಾಲ ಒಗೆಯುವುದಿಲ್ಲ, ಬೀರವ್ವ ಮೆಟ್ಟಿಲು ಹತ್ತುತ್ತಾಳೆ, ದಾಕ್ಷಾಯಿಣಿ ಮತ್ತೆ ನಗುತ್ತಾಳೆ. ಎಲ್ಲ ದೀಪವೂ ಹಸಿರು. ಅವನ ಪೆನ್ನು ‘ವ’ ಅಕ್ಷರದ ಹೊಟ್ಟೆಯನ್ನು ಸುತ್ತಲು ಶುರುಮಾಡಿತ್ತು.

“ಯಾರ್ರೀ ಅಂವಾ ವೋಲ್ಟೇಜಪ್ಪ?”

ಬೀರವ್ವ ಬಾಗಿಲಲ್ಲಿ ನಿಂತಿದ್ದಳು. ಚಪ್ಪಾಳೆ ಕೇಳಿ ಹತ್ತಿ ಬಂದವಳು ಹೊಸ್ತಿಲಿನ ಆಚೆಯೇ ಉಳಿದು, ಯಾವಾಗಿನಿಂದ ನಿಂತಿದ್ದಳೋ. “ಹಾಜರಿ ಪಟ್ಯಾಗ ಅವನ ಹೆಸರು ಐತೇನ್ರಿ ಸಾಹೇಬ್ರ? ನಾ ಸುಟ್ಟೇನಿ ಅಂದಾಗ ನನ್ನ ಹೆಸರು, ನಮ್ಮ ದೇವ್ರ ಹೆಸರು, ಎಲ್ಲಾ ಗೊತ್ತಿತ್ತು ನಿಮಗ. ಈಗ ನೋಡಿದ್ರ ಯಾರೂ ಕಂಡಿಲ್ಲದಾಂವ ಬಂದು ಸುಟ್ಟ ಹೋದ್ನಾ?” ದನಿ ಏರಲಿಲ್ಲ. ಪ್ರತಿ ಮಾತಿನ ಕೊನೆಗೆ ಅವಳು ಉಸಿರನ್ನು ಒಳಗೆಳೆದುಕೊಳ್ಳುತ್ತಿದ್ದಳು. ಅದು ಅವನು ಆಡಿ ತೋರಿಸಿದ ಹಾಗೆ ನಗೆ ಬರಿಸುವಂಥದ್ದಾಗಿರಲಿಲ್ಲ. ಕಟ್ಟಿದ ಎದೆಯವರು ಉಸಿರಾಡುವ ರೀತಿ ಅದು, ಅಷ್ಟೆ. “ಕ್ಷಮಾ ಬ್ಯಾಡ್ರಿ ನನಗ. ನಾ ಮಾಡಿಲ್ಲಂದ ಮ್ಯಾಲ ಕ್ಷಮಾ ತಗೊಂಡು ಎಲ್ಲಿಡ್ಲಿ? ಹದಿಮೂರ ದಿನಾ ದೇವ್ರಿಗೆ ಮಾರಿ ತೋರಸಿಲ್ಲ ನಾ. ಗುಡಿ ಮುಂದ ಹಾದ ಹೋಗೂದಿದ್ರ ಆ ಕಡೆ ದಾರಿ ಹಿಡದೇನಿ. ಅದನ್ನ ಯಾವ ವೋಲ್ಟೇಜಪ್ಪ ತಿರುಗಿ ಕೊಡ್ತಾನ?”

ಅವಳು ಫಕೀರೇಶನ ಕಡೆ ತಿರುಗಿದಳು. ಸಾಹೇಬ್ರ ಎಂಬುದು ಅಲ್ಲಿಗೆ ಬಿದ್ದುಹೋಯಿತು. “ನೀ ಏನೋ ಅಂದ್ಯಲ್ಲ ತಮ್ಮಾ ಈಗ, ನನ್ನ ಕೈಯಾಗ ಅಂತ. ಖರೇನ?”

“ಖರೇ ಯವ್ವಾ.”

“ಹಂಗಾರ ಅದನ್ನ ಬರಿ.”

ಅವನು ‘ವ’ದ ಅರ್ಧ ಸುತ್ತನ್ನು ಹೊಡೆದುಹಾಕಿದ. ಇಂಗ್ಲಿಷಿನಲ್ಲಿ ತುಂಬಬೇಕಾದ ಫಾರ್ಮು ಅದು. ಅದನ್ನು ಲೆಕ್ಕಿಸದೆ ಅವನು ಕನ್ನಡದಲ್ಲೇ ಬರೆದ, ಶಾಲೆಯ ಹಲಗೆಯ ಮೇಲೆ ಬರೆಯುವ ಹಾಗೆ ದುಂಡಗೆ, ಒತ್ತಿ. ಒಂದೂವರೆ ಸಾಲು ಸಾಲದೆ ಅಕ್ಷರಗಳು ಚೌಕವನ್ನು ದಾಟಿ, ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಎಂದಿದ್ದ ಜಾಗದ ಮೇಲೂ ಹರಿದವು. ಬರೆಯುತ್ತಿದ್ದಾಗ ವಿಶಾಲನ ಮುಖ ಕಾಣಿಸಿತು, ಮುಂದಿನ ತಿಂಗಳು ಕಾಣಿಸಿತು, ಎರಡೂ ಮಂಜಿನಾಚೆ ಹೋಗುವ ಲಾರಿಗಳ ಹಾಗೆ ಸದ್ದಿಲ್ಲದೆ ಸರಿದವು. ಬರೆದು ಮುಗಿಸಿ ಕಾಗದವನ್ನು ಅವಳ ಕಡೆ ತಿರುಗಿಸಿದ. ಅವಳು ನೋಡಲಿಲ್ಲ.

“ನನಗೇನ ಓದಾಕ ಬರತೈತಿ? ನೀನ ಓದು. ಎಲ್ಲಾರಿಗೂ ಕೇಳೂವಂಗ.”

ಅವನು ಎದ್ದು ನಿಂತು ಓದಿದ. “ಕರೆಂಟು ಬಂದ್ ಮಾಡದೆ ಕಾರ್ಡನ್ನು ಎಳೆದದ್ದರಿಂದ ಸುಟ್ಟಿದೆ. ಎಳೆದವನು ಫಕೀರೇಶ ಮೈಲಾರಪ್ಪ ಕುರಿ, ಇಂಜಿನಿಯರ್. ಯಂತ್ರದ ಮೇಲಿದ್ದ ಪುಡಿಯಿಂದ ಏನೂ ಆಗಿಲ್ಲ. ಬೀರವ್ವನ ಮೇಲೆ ನಾನು ಸುಳ್ಳು ಹೊರಿಸಿದೆ.” ಓದುವಾಗ ದನಿ ಎರಡು ಕಡೆ ಸೀಳಿತು, ಒಂದು ಕಡೆ ಹೆಣ್ಣಿನ ದನಿಯಂತೆ ತೆಳ್ಳಗಾಯಿತು. ಚೆನ್ನಾಗಿರಲಿಲ್ಲ. ದಾಕ್ಷಾಯಿಣಿ ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಿದ್ದಳು. ಗುರುಶಿದ್ದಪ್ಪನವರು ಕಾಗದ ತೆಗೆದುಕೊಂಡು, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿಕೊಂಡರು. ಆಮೇಲೆ ಕೆಳಗಿನ ಮೂಲೆಯಲ್ಲಿ ತಮ್ಮ ಸಹಿ ಹಾಕಿದರು. ಹಾಕುವ ಮೊದಲು ಪೆನ್ನು ಬಹಳ ಹೊತ್ತು ಗಾಳಿಯಲ್ಲೇ ಸಹಿ ಮಾಡುತ್ತಿತ್ತು.

ಬೀರವ್ವ ಪೂರ್ತಿ ಕೇಳಿಸಿಕೊಂಡಳು. ಛಲೋ ಆತು ಅನ್ನಲಿಲ್ಲ, ಅವನನ್ನು ಬೈಯಲೂ ಇಲ್ಲ. ಅವನು ಯಾವುದಕ್ಕೋ ಕಾಯುತ್ತ ನಿಂತೇ ಇದ್ದ. ಅವಳ ಕಣ್ಣು ಅವನನ್ನು ದಾಟಿ ಮೇಜಿನ ಕೆಳಗೆ, ಕುರ್ಚಿಗಳ ಸಂದಿಗೆ, ಗೋಡೆಯ ಮೂಲೆಗಳಿಗೆ ಹೋಯಿತು. ಹದಿಮೂರು ದಿನದ ಕಾಗದದ ಚೂರು, ಪಿನ್ನು, ಚಹಾದ ಕಲೆ, ಯಾರೋ ಸುಲಿದು ಒಗೆದ ಶೇಂಗಾ ಸಿಪ್ಪೆ. “ಅಯ್ಯ ಶಿವನ” ಎಂದಳು, ಯಾರಿಗೂ ಅಲ್ಲ. ಹೊಸ್ತಿಲು ದಾಟಿ ಒಳಗೆ ಬಂದಳು. ಅಪ್ಪಣೆ ಕೇಳಲಿಲ್ಲ, ಯಾರೂ ಕೊಡಲಿ ಎಂದು ಕಾಯಲಿಲ್ಲ. ಕಪಾಟಿನ ಹಿಂದೆ ಕೈ ಹಾಕಿ ಕಸಬರಿಗೆ ತೆಗೆದು ಅಂಗೈಗೆ ಎರಡು ಸಲ ಕುಟ್ಟಿದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಗುರುಶಿದ್ದಪ್ಪನವರು ತಮಗರಿವಿಲ್ಲದೆ ಧೋತರ ಎತ್ತಿ ಹಿಡಿದು ಗೋಡೆಗೆ ಸರಿದರು.

“ಮುಗೀತಲ್ಲ ನಿಂದು?” ಎಂದಳು ಫಕೀರೇಶನಿಗೆ. “ಕಾಲ ಎತ್ತು.”

ಅವನು ಕುರ್ಚಿಯಲ್ಲಿ ಕೂತು ಎರಡೂ ಕಾಲು ಎತ್ತಿದ.